ಮಂಡಿಗೆ ಕಟ್ಟುವ ಚಲನ ಸೆನ್ಸರ್‌ಗಳ ಅಳತೆ ಎಷ್ಟು ನಿಖರ?

ಮಂಡಿ ಶಸ್ತ್ರಚಿಕಿತ್ಸೆಯಾದ ಕಾಫಿ ತೋಟದ ಕಾರ್ಮಿಕರ ನಡಿಗೆಯನ್ನು ತೊಡೆಗೂ ಮೊಣಕಾಲಿನ ಕೆಳಭಾಗಕ್ಕೂ ಕಟ್ಟುವ ಸೆನ್ಸರ್‌ಗಳಿಂದ ಅಳೆದರೆ ನಂಬಬಹುದೇ ಎಂದು ಮಡಿಕೇರಿಯ ಫಿಸಿಯೋಥೆರಪಿಸ್ಟ್ ಒಬ್ಬರು ಕೇಳಿದ್ದಾರೆ. ಯಾವ ಕೋನವನ್ನು ಅಳೆಯುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ.

ಸಮತಟ್ಟು ನೆಲದಲ್ಲಿ ಮಂಡಿ ಮಡಚಿ ಚಾಚುವ ಕೋನವು ನಡಿಗೆಯನ್ನು ಕ್ಯಾಮೆರಾಗಳಿಂದ ಅಳೆಯುವ ಪ್ರಯೋಗಾಲಯದ ಅಳತೆಗೆ ಬಹುಮಟ್ಟಿಗೆ 5 ಡಿಗ್ರಿಯೊಳಗೆ ಹೊಂದುತ್ತದೆ. ಒಳಕ್ಕೆ ಹೊರಕ್ಕೆ ತಿರುಗುವ ಕೋನದ ವ್ಯಾಪ್ತಿಯೇ ಚಿಕ್ಕದಾದ್ದರಿಂದ ಅಷ್ಟೇ ದೋಷ ಅದನ್ನು ನುಂಗಿಬಿಡುತ್ತದೆ. ಅದರ ಮೇಲೆ ಚಿಕಿತ್ಸೆಯ ತೀರ್ಮಾನ ಕೈಗೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಸೆನ್ಸರ್‌ನೊಳಗಿನ ಗೈರೋಸ್ಕೋಪ್ ಅಳೆಯುವುದು ಕೋನವನ್ನಲ್ಲ, ತಿರುಗುವ ವೇಗವನ್ನು. ಕೋನ ತಿಳಿಯಲು ಅದನ್ನು ಕೂಡುತ್ತಾ ಹೋದಂತೆ ಸಣ್ಣ ತಪ್ಪುಗಳೂ ಕೂಡುತ್ತಾ ಬೆಳೆಯುತ್ತವೆ. ವಾಲುವಿಕೆಯ ತಪ್ಪನ್ನು ಆಕ್ಸೆಲೆರೋಮೀಟರ್ (ವೇಗೋತ್ಕರ್ಷ ಅಳೆಯುವ ಭಾಗ) ಗುರುತ್ವದ ನೆರವಿನಿಂದ ತಿದ್ದಬಲ್ಲದು, ಆದರೆ ದಿಕ್ಕಿನ ತಪ್ಪನ್ನು ತಿದ್ದುವ ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರ ಅಳೆಯುವ ಭಾಗ) ಕಬ್ಬಿಣದ ಮಂಚದ ಬಳಿ ಬಂದೊಡನೆ ದಾರಿ ತಪ್ಪುತ್ತದೆ. ಇದಕ್ಕಿಂತಲೂ ಹೆಚ್ಚಿನ ತಪ್ಪು ಹಲವು ಬಾರಿ ಪಟ್ಟಿ ಕಟ್ಟುವುದರಲ್ಲೇ ಆಗುತ್ತದೆ: ತೊಡೆಯ ಮಾಂಸ ಪ್ರತಿ ಹೆಜ್ಜೆಗೂ ಅದುರಿದಾಗ ಸೆನ್ಸರ್ ಮೂಳೆಯ ಬದಲು ಚರ್ಮದ ಚಲನೆಯನ್ನು ದಾಖಲಿಸುತ್ತದೆ.

ಸಮತಟ್ಟು ನೆಲದಲ್ಲಿ ಪರೀಕ್ಷಿಸಿದ ನಿಖರತೆಯನ್ನು ಕೊಡಗಿನ ಇಳಿಜಾರು ತೋಟಕ್ಕೆ ಹಾಗೆಯೇ ಅನ್ವಯಿಸಬಾರದು. ಒಬ್ಬರದೇ ಅಳತೆಯನ್ನು, ಪಟ್ಟಿಯ ಜಾಗ ಬದಲಿಸದೆ, ತಿಂಗಳುಗಳ ಅಂತರದಲ್ಲಿ ಹೋಲಿಸಿ. ವ್ಯತ್ಯಾಸ 5 ಡಿಗ್ರಿಗಿಂತ ಕಡಿಮೆಯಿದ್ದರೆ ಅದನ್ನು ಸುಧಾರಣೆಯೆಂದು ಬರೆಯಬೇಡಿ.