ಕೆರೆ ದಂಡೆಯಲ್ಲಿ ಕಲಿತದ್ದು ಪರೀಕ್ಷೆಗೆ ಬರುತ್ತಾ?

(ಓದುಗರ ಪ್ರಶ್ನೆಗಳಿಗೆ ಧಾರವಾಡದ ನಿವೃತ್ತ ಹೈಸ್ಕೂಲು ವಿಜ್ಞಾನ ಶಿಕ್ಷಕರ ಉತ್ತರ)

ಪ್ರಶ್ನೆ: ನನ್ನ ಮಗಳು ಒಂದು ಸಣ್ಣ ಖಾಸಗಿ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಈ ವರ್ಷ ಮಾಗಡಿ ಕೆರೆ, ಲಕ್ಕುಂಡಿ, ಹುಬ್ಬಳ್ಳಿಯ ಬೆಂಗೇರಿ ಅಂತ ಆಗಾಗ ಹೊರಗೆ ಕರೆದೊಯ್ಯುತ್ತಾರೆ. ಬಂದ ಮೇಲೆ ವಾರಗಟ್ಟಲೆ ಅದರದೇ ಪ್ರಾಜೆಕ್ಟ್. ಅವಳಿಗೆ ಬಹಳ ಖುಷಿ. ಆದರೆ ನಮ್ಮ ಮೈದುನ, ‘ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಈಗಲೇ ಶಾಲೆ ಬದಲಿಸಿ’ ಅಂತಾರೆ. ಏನು ಮಾಡಲಿ?
– ಒಬ್ಬ ತಾಯಿ, ಗದಗ

ಉತ್ತರ: ತಾಯೀ, ಶಾಲೆ ಬದಲಿಸುವ ಮಾತು ಆಮೇಲೆ. ಮೊದಲು ಮಗಳ ನೋಟ್‌ಬುಕ್ ತೆಗೆದು ನೋಡಿ. ಮಾಗಡಿ ಕೆರೆಗೆ ಹೋಗಿ ಬಂದ ಮೇಲೆ ಅವಳು ಏನು ಬರೆದಿದ್ದಾಳೆ? ‘ಹಕ್ಕಿಗಳು ಬಹಳ ಸುಂದರವಾಗಿದ್ದವು, ನಾವೆಲ್ಲ ಸಂತೋಷಪಟ್ಟೆವು’ ಅಂತ ಅರ್ಧ ಪುಟ ಇದ್ದರೆ ಅದು ಬರೀ ಪಿಕ್‌ನಿಕ್. ನಿಮ್ಮ ಮೈದುನರ ಮಾತಿನಲ್ಲಿ ಆಗ ಹುರುಳಿದೆ.

ಆದರೆ ಅದೇ ಕೆರೆಯಲ್ಲಿ ಎಷ್ಟು ಕಲಿಯಬಹುದು ನೋಡಿ. ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಕೆರೆ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಮಕ್ಕಳು ಆ ಹಕ್ಕಿಗಳನ್ನು ಎಣಿಸಲಿ. ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಹತ್ತು ಹಕ್ಕಿ ನೀರಿನ ಮೇಲೆ ಎಷ್ಟು ಜಾಗ ಹಿಡಿಯುತ್ತವೆ ಅಂತ ಮೊದಲು ಕಣ್ಣಿಗೆ ರೂಢಿ ಮಾಡಿಕೊಳ್ಳಬೇಕು. ಆಮೇಲೆ ಅಂಥ ಹತ್ತರ ಗುಂಪು ಎಷ್ಟಿವೆ ಅಂತ ಲೆಕ್ಕ ಹಾಕಬೇಕು. ಮೂವರು ಬೇರೆ ಬೇರೆ ನಿಂತು ಎಣಿಸಿದರೆ ಮೂರು ಉತ್ತರ ಬರುತ್ತವೆ. ಯಾಕೆ ಬಂದವು? ಸರಾಸರಿ ತೆಗೆದರೆ ಸಾಕಾ, ಇಲ್ಲ ಮತ್ತೆ ಎಣಿಸಬೇಕಾ? ಆ ಜಗಳದಲ್ಲೇ ಮಕ್ಕಳಿಗೆ ಅಂದಾಜು ಅಂದರೆ ಏನು ಅಂತ ತಿಳಿಯುತ್ತದೆ. ಪಕ್ಕದ ಹೊಲದ ರೈತರನ್ನು, ‘ಇವು ಬೆಳೆಗೆ ಬಾಯಿ ಹಾಕುತ್ತವಾ? ಯಾವ ಹೊತ್ತಿನಲ್ಲಿ?’ ಅಂತ ಕೇಳಲಿ. ಹಕ್ಕಿ ಬಂದದ್ದಕ್ಕೆ ಎಲ್ಲರಿಗೂ ಖುಷಿಯಾ, ಯಾರಿಗಾದರೂ ನಷ್ಟವಾ ಅನ್ನುವುದು ಗೊತ್ತಾಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು, ನನಗೆ ಬಹಳ ಇಷ್ಟದ ವಿಷಯ. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಈ ಹಕ್ಕಿಗೆ ಉಸಿರು ಹೇಗೆ ಸಾಲುತ್ತದೆ? ಅದರ ರಕ್ತದ ಹಿಮೋಗ್ಲೋಬಿನ್ ಬೇರೆ ಬಾತುಗಳದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ಹಿಮೋಗ್ಲೋಬಿನ್ ಬಂದೇ ಬರುತ್ತದೆ. ಕೆರೆ ನೋಡಿ ಬಂದ ಹುಡುಗಿಗೆ ಅದು ಬಾಯಿಪಾಠ ಮಾಡುವ ಸಾಲಾಗಿ ಉಳಿಯುವುದಿಲ್ಲ.

ಬೆಂಗೇರಿಯಲ್ಲಿ ಅವಳು ಖಾದಿಯ ರಾಷ್ಟ್ರಧ್ವಜ ತಯಾರಿಸುವುದನ್ನು ನೋಡಿರಬೇಕು. ಹಾಗಿದ್ದರೆ ಒಂದು ಲೆಕ್ಕ ಕೇಳಿ. ಧ್ವಜದ ಉದ್ದ ಅಗಲ ಯಾವಾಗಲೂ 3:2. ನಿಗದಿತ ಅಳತೆಗಳಲ್ಲಿ ಅತಿ ದೊಡ್ಡದು 21 ಅಡಿಗೆ 14 ಅಡಿ, ಅತಿ ಚಿಕ್ಕದು 6 ಇಂಚಿಗೆ 4 ಇಂಚು. ದೊಡ್ಡದರ ಉದ್ದ ಚಿಕ್ಕದರ 42 ಪಟ್ಟು. ಹಾಗಾದರೆ ಬಟ್ಟೆಯೂ 42 ಪಟ್ಟು ಸಾಕಾ? ಸಾಲದು, 1764 ಪಟ್ಟು ಬೇಕು. ಯಾಕೆ ಅಂತ ಅವಳು ನಿಮಗೆ ಚಿತ್ರ ಬರೆದು ತೋರಿಸಿದರೆ, ಸಮರೂಪ ಆಕೃತಿಗಳ ವಿಸ್ತೀರ್ಣ ಅವಳಿಗೆ ಅರ್ಥವಾಗಿದೆ ಅಂತಲೇ ತಿಳಿಯಿರಿ. ಚಕ್ರದ 24 ಕಡ್ಡಿಗಳ ನಡುವೆ ಎಷ್ಟು ಡಿಗ್ರಿ ಅಂತಲೂ ಕೇಳಿ.

ಲಕ್ಕುಂಡಿಯ ಬಾವಿಗಳ ಬಗ್ಗೆಯೂ ಹೀಗೇ ಬರೆಯುತ್ತಾ ಹೋಗಬಹುದು. ಮೆಟ್ಟಿಲು ಅಳೆದು, ಒಂದು ಅಡಿ ನೀರು ಇಳಿದರೆ ಎಷ್ಟು ಕೊಡ ಕಡಿಮೆಯಾಯಿತು ಅಂತ ಘನಫಲ ತೆಗೆಯಬಹುದು. ಆದರೆ ಬಾವಿಯ ಹತ್ತಿರ ಮಕ್ಕಳ ಜೊತೆ ಎಷ್ಟು ಶಿಕ್ಷಕರಿದ್ದರು ಅಂತ ನೀವು ಶಾಲೆಯಲ್ಲಿ ವಿಚಾರಿಸಲೇಬೇಕು. ಇದರಲ್ಲಿ ಸಂಕೋಚ ಬೇಡ.

ಈಗ ಎಸ್ಸೆಸ್ಸೆಲ್ಸಿ ವಿಷಯ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ವಿಜ್ಞಾನ, ಗಣಿತದಲ್ಲಿ ಆಂತರಿಕ ಅಂಕ 20 ಇದ್ದರೆ, ಕೂತು ಬರೆಯುವ ಪರೀಕ್ಷೆಗೆ 80 ಇದೆ. ಎಷ್ಟೇ ಚೆನ್ನಾಗಿ ಅರ್ಥವಾಗಿದ್ದರೂ ಹೊತ್ತಿಗೆ ಸರಿಯಾಗಿ ಬರೆದು ಮುಗಿಸುವ ರೂಢಿ ಬೇರೆಯೇ ಬೇಕು. ಬಹುಪದೋಕ್ತಿಗಳನ್ನು ಕೆರೆ ದಂಡೆಯಲ್ಲಿ ಕಲಿಸಲು ಆಗುವುದಿಲ್ಲ, ರಾಸಾಯನಿಕ ಸಮೀಕರಣ ಸರಿದೂಗಿಸುವುದನ್ನೂ ಅಷ್ಟೇ. ಅವನ್ನು ಮತ್ತೆ ಮತ್ತೆ ಬರೆದೇ ಕಲಿಯಬೇಕು. ಹಾಗಾಗಿ ಹೆಡ್‌ಮಾಸ್ತರರನ್ನು ಭೇಟಿಯಾಗಿ. ಯಾವ ಪಾಠ ಮುಗಿದಿದೆ, ಯಾವುದು ಉಳಿದಿದೆ, ಪ್ರತಿ ಪ್ರಾಜೆಕ್ಟ್ ಯಾವ ಪಾಠಕ್ಕೆ ಸೇರಿದ್ದು ಅಂತ ಕೇಳಿ. ವಾರಕ್ಕೊಂದು ಪ್ರಶ್ನೆಪತ್ರಿಕೆ ಬರೆಸುತ್ತಾರಾ ಅಂತಲೂ ಕೇಳಿ. ಇದಕ್ಕೆಲ್ಲ ನೇರ ಉತ್ತರ ಸಿಕ್ಕರೆ, ಮಗಳನ್ನು ಅಲ್ಲೇ ಓದಿಸಿ. ಖುಷಿಯಿಂದ ಶಾಲೆಗೆ ಹೋಗುವ ಒಂಬತ್ತನೇ ತರಗತಿಯ ಹುಡುಗಿಯನ್ನು ಬರೀ ಹೆದರಿಕೆಗೆ ಅಲ್ಲಿಂದ ಕಿತ್ತು ತರಬೇಡಿ.

ಪ್ರಶ್ನೆ: ನಮ್ಮದೂ ಸಣ್ಣ ಖಾಸಗಿ ಶಾಲೆ. ವಾಹನವಿಲ್ಲ, ಆಡಳಿತ ಮಂಡಳಿ ಹಣ ಕೊಡುವುದಿಲ್ಲ. ಹೊರಗಿನ ಕಲಿಕೆ ಹೇಗೆ ಮಾಡಿಸಲಿ?
– ಶಿಕ್ಷಕಿ, ಹಾವೇರಿ

ಉತ್ತರ: ಟೀಚರ್, ಬಸ್ಸು ಬೇಡ. ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನೆಡಿಸಿ. ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತು ಮಾಡಿಸಿ. ಅತಿ ಗಿಡ್ಡ ನೆರಳು ಹನ್ನೆರಡಕ್ಕೆ ಬೀಳುವುದಿಲ್ಲ, ಹನ್ನೆರಡೂವರೆಯ ಆಸುಪಾಸು ಬೀಳುತ್ತದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ, ಹಾವೇರಿ ಇರುವುದು ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಲೆಕ್ಕವನ್ನು ಮಕ್ಕಳೇ ಮಾಡಲಿ. ಪ್ರತಿ ತಿಂಗಳು ಮಾಡಿಸಿದರೆ ಆ ಹೊತ್ತೂ ಸ್ವಲ್ಪ ಹಿಂದೆ ಮುಂದೆ ಆಗುವುದು ಕಾಣುತ್ತದೆ. ಆ ಹೊತ್ತಿಗೆ ಕೋಲಿನ ನೆರಳೇ ಬೀಳದ ದಿನ ನಿಮ್ಮಲ್ಲಿ ವರ್ಷಕ್ಕೆ ಎರಡು. ಒಂದು ಏಪ್ರಿಲ್ ಕೊನೆಗೆ, ಬೇಸಿಗೆ ರಜೆಯಲ್ಲಿ. ಇನ್ನೊಂದು ಆಗಸ್ಟ್‌ನಲ್ಲಿ, ಆಗ ಮೋಡ. ಆದರೂ ಕಾದು ನೋಡಿ.

ಬ್ಯಾಡಗಿ ಮೆಣಸಿನಕಾಯಿಯ ನಾಡಿನಲ್ಲಿದ್ದೀರಿ. ಹಸಿಯಾದ ಒಂದು ಕಿಲೋ ಹಣ್ಣು ಮೆಣಸಿನಕಾಯಿ ಒಣಹಾಕಿ, ದಿನಾ ತೂಕ ಬರೆಸಿ, ಗ್ರಾಫ್ ಎಳೆಸಿ. ಗೆರೆ ಮೊದಲು ಜೋರಾಗಿ ಇಳಿದು ಆಮೇಲೆ ಯಾಕೆ ಸಪಾಟಾಗುತ್ತದೆ ಅಂತ ಕೇಳಿ. ಒಣಗಿಸಿ ಮಾರುವವರ ಮನೆಯ ಮಕ್ಕಳು ನಿಮ್ಮ ಕ್ಲಾಸಿನಲ್ಲೇ ಇರಬಹುದು. ಅವತ್ತು ಅವರೇ ಪಾಠ ಮಾಡಲಿ.

ಪ್ರಶ್ನೆ: ಸ್ಟೇಷನರಿ ಅಂಗಡಿಯಲ್ಲಿ ಥರ್ಮಾಕೋಲಿನ ರೆಡಿಮೇಡ್ ಮಾಡೆಲ್ ಸಿಗುತ್ತವೆ. ಅದನ್ನು ತಂದವರಿಗೇ ಜಾಸ್ತಿ ಅಂಕ. ಮಗ ನನಗೂ ತಂದುಕೊಡಿ ಅಂತಾನೆ. ತರಲಾ?
– ತಂದೆ, ಹುಬ್ಬಳ್ಳಿ

ಉತ್ತರ: ಬೇಡ. ಅವನೇ ಮಾಡಲಿ, ಸೊಟ್ಟಗಾದರೂ ಪರವಾಗಿಲ್ಲ. ನೀವು ಶಾಲೆಗೆ ಹೋಗಿ, ಅಂಕ ಕೊಡುವ ಮೊದಲು ಪ್ರತಿ ಮಗುವಿಗೂ ಎರಡು ಪ್ರಶ್ನೆ ಕೇಳಿ ಅಂತ ಶಿಕ್ಷಕರನ್ನು ವಿನಂತಿಸಿ: ಇದನ್ನು ಹೇಗೆ ಮಾಡಿದೆ, ಎಲ್ಲಿ ಕೆಟ್ಟಿತು?