ಬೋರ್‌ವೆಲ್ ಕೊರೆದರೆ ದೇಶ ಬೆಳೆಯುತ್ತದೆಯೇ?

ಕಳೆದ ಸಂಚಿಕೆಯಲ್ಲಿ ದೇಶದ ಆರ್ಥಿಕ ಬೆಳವಣಿಗೆ ಬಗ್ಗೆ ಒಂದು ಲೇಖನ ಹಾಕಿದ್ದೆವು. ಅದನ್ನು ಓದಿ ಚಿಂತಾಮಣಿ ಕಡೆಯ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ತಿರುಳು ಇಷ್ಟು: 'ನಮ್ಮಪ್ಪನ ಕಾಲದಲ್ಲಿ ಬಾವಿಗೆ ಹಗ್ಗ ಬಿಟ್ಟರೆ ನೀರು ಸಿಗುತ್ತಿತ್ತು. ನಾನು ಮೂರು ಬೋರ್‌ವೆಲ್ ಕೊರೆಸಿದೆ. ಎರಡು ಫೇಲ್. ಮೂರನೆಯದು 1,200 ಅಡಿ, ಬರುವುದು ಒಂದಿಂಚು ನೀರು. ಸಾಲ ತೀರಿಲ್ಲ, ಬೇಸಿಗೆಯಲ್ಲಿ ಟ್ಯಾಂಕರ್ ಬೇಕೇ ಬೇಕು. ನಿಮ್ಮ ಲೇಖನದ ಪ್ರಕಾರ ದೇಶ ಬೆಳೆದಿದೆ. ನನ್ನ ಬೋರ್‌ವೆಲ್ಲೂ ಆ ಬೆಳವಣಿಗೆಯಲ್ಲಿ ಸೇರಿದೆಯಾ? ಸೇರಿದ್ದರೆ ಈ ಅರ್ಥಶಾಸ್ತ್ರವನ್ನು ಅಟ್ಟಕ್ಕೆ ಹಾಕಿ, ಭೂತಾನ್‌ನವರ ಹಾಗೆ ಜನರ ಸಂತೋಷವನ್ನೇ ಯಾಕೆ ಅಳೆಯಬಾರದು?'

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಸೇರಿದೆ. ಮೂರೂ ಸೇರಿವೆ. ಫೇಲಾದ ಎರಡೂ ಸೇರಿವೆ. ಬೋರ್ ಲಾರಿಯವರಿಗೆ ಅಡಿ ಲೆಕ್ಕದಲ್ಲಿ ಕೊಟ್ಟ ದುಡ್ಡು, ಕೇಸಿಂಗ್ ಪೈಪು, ಮೋಟಾರು, ಅದು ಸುಟ್ಟಾಗ ಮಾಡಿಸಿದ ರಿವೈಂಡಿಂಗು, ಬ್ಯಾಂಕಿಗೆ ಕಟ್ಟುವ ಬಡ್ಡಿಯಲ್ಲೂ ಒಂದು ಪಾಲು, ಎಲ್ಲವೂ ಜಿಡಿಪಿಯ (ದೇಶದಲ್ಲಿ ಒಂದು ವರ್ಷ ತಯಾರಾದ ಸರಕು, ಸೇವೆಗಳ ಒಟ್ಟು ಬೆಲೆಯ) ಹೊಟ್ಟೆಗೆ ಹೋಗುತ್ತವೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ 'ಇಲ್ಲಿ ಕೊರೀರಿ' ಎಂದವರಿಗೆ ಕೊಟ್ಟ ಕಾಣಿಕೆ ಕೂಡ ನಿಯಮದ ಪ್ರಕಾರ ಸೇವಾ ವಲಯದ ಆದಾಯವೇ. ನಿಮ್ಮಪ್ಪ ಬಾವಿಯಿಂದ ಸೇದಿದ ನೀರಿಗೆ ಮಾತ್ರ ಯಾರೂ ದುಡ್ಡು ಕೊಟ್ಟಿರಲಿಲ್ಲ. ಹಾಗಾಗಿ ದೇಶದ ಲೆಕ್ಕದಲ್ಲಿ ಅದಕ್ಕೆ ಹೆಚ್ಚೇನೂ ಬೆಲೆ ಬರಲಿಲ್ಲ. ನೀರು ಆಳಕ್ಕೆ ಇಳಿದಷ್ಟೂ ಖರ್ಚು ಏರುತ್ತದೆ, ಖರ್ಚು ಏರಿದಷ್ಟೂ ಜಿಡಿಪಿ ಏರುತ್ತದೆ. ಅಂತರ್ಜಲ ಇಳಿದದ್ದನ್ನು ಕಳೆಯುವ ಕಾಲಂ ಆ ಪುಸ್ತಕದಲ್ಲಿ ಇಲ್ಲ.

ಇದು ಹಳ್ಳಿಯ ಕತೆ ಮಾತ್ರ ಅಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಟ್ಯಾಂಕರ್ ಬೆಲೆ ಎಷ್ಟು ಏರಿತೆಂದರೆ, ಮಾರ್ಚ್‌ನಲ್ಲಿ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. 5 ಕಿಲೋಮೀಟರ್ ಒಳಗೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ. ಆ ತಿಂಗಳು ನಗರದ ಜನ ನೀರಿಗೆ ಸುರಿದ ದುಡ್ಡೆಲ್ಲ 'ಚಟುವಟಿಕೆ'. ಬಳ್ಳಾರಿಯದೂ ಅದೇ ಕತೆ. ಅದಿರು ಹಡಗು ಹತ್ತಿದಾಗ ಆದಾಯ ಎಂದು ಬರೆದುಕೊಂಡರು. ಬೆಟ್ಟದಲ್ಲಿ ಉಳಿದ ಗುಂಡಿಯನ್ನು ಯಾರೂ ಬರೆದುಕೊಳ್ಳಲಿಲ್ಲ. ಮನೆಯ ಹಂಚು ಕಿತ್ತು ಮಾರಿ, ಈ ವರ್ಷ ಸಂಪಾದನೆ ಚೆನ್ನಾಗಿತ್ತು ಅಂದಂತೆ. ಈಗ ಈ ತಪ್ಪನ್ನು ಲೆಕ್ಕಿಗರೇ ಒಪ್ಪಿಕೊಂಡಿದ್ದಾರೆ. 2025ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಒಪ್ಪಿದ ಹೊಸ ಲೆಕ್ಕಪದ್ಧತಿಯಲ್ಲಿ, ಭೂಮಿಯ ಸಂಪತ್ತು ಕರಗಿದ್ದನ್ನು ಖರ್ಚು ಎಂದೇ ಕಳೆದು ನಿವ್ವಳ ಮೊತ್ತ ತೋರಿಸಬೇಕೆಂದಿದೆ. ಜಾರಿಗೆ ಬರಲು ಇನ್ನೂ ಕೆಲವು ವರ್ಷ ಬೇಕು.

ಇಲ್ಲಿವರೆಗೆ ನಿಮ್ಮ ಸಿಟ್ಟಿಗೆ ನನ್ನದೂ ಸಹಿ ಇದೆ. 'ಈ ಅರ್ಥಶಾಸ್ತ್ರವನ್ನು ಅಟ್ಟಕ್ಕೆ ಹಾಕಿ' ಎಂದಿರಲ್ಲ, ಅಲ್ಲಿ ಸ್ವಲ್ಪ ನಿಲ್ಲಿ.

ಈ ಲೆಕ್ಕ ಕಟ್ಟಿದವರೇ ಇದರ ಮಿತಿಯನ್ನು ಮೊದಲು ಹೇಳಿದವರು. ಅಮೆರಿಕದಲ್ಲಿ 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲ. ದೇಶದ ಆದಾಯ ಎಷ್ಟು ಬಿದ್ದಿದೆ ಎಂದು ಸರ್ಕಾರಕ್ಕೆ ಗೊತ್ತಿರಲಿಲ್ಲ. ಅದನ್ನು ಲೆಕ್ಕ ಹಾಕಿ 1934ರಲ್ಲಿ ಅಲ್ಲಿನ ಸಂಸತ್ತಿಗೆ ವರದಿ ಕೊಟ್ಟವರು ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್. ಈ ಮೊತ್ತ ನೋಡಿ ಜನ ಎಷ್ಟು ಚೆನ್ನಾಗಿದ್ದಾರೆ ಎಂದು ತೀರ್ಮಾನಿಸಲು ಬಾರದು ಎಂದು ಅದೇ ವರದಿಯಲ್ಲಿ ಅವರು ಬರೆದಿದ್ದರು. ಅದಕ್ಕೂ ಮುಂಚೆ, 1920ರಲ್ಲಿ, ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಪಿಗೂ ಒಂದು ತಮಾಷೆ ತೋರಿಸಿದ್ದರು. ಒಬ್ಬಾತ ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಮನೆಗೆಲಸದಾಕೆಯನ್ನೇ ಮದುವೆಯಾದರೆ ದೇಶದ ಆದಾಯ ಇಳಿಯುತ್ತದೆ! ಕೆಲಸ ಅದೇ, ಅಡುಗೆ ಅದೇ, ಸಂಬಳ ಮಾತ್ರ ನಿಂತಿತು.

ಇವರಿಬ್ಬರಿಗಿಂತ ಹಿಂದೆ ನಮ್ಮವರೇ ಒಬ್ಬರಿದ್ದರು. ದಾದಾಭಾಯಿ ನವರೋಜಿ. ಬ್ರಿಟಿಷ್ ಇಂಡಿಯಾದ ತಲಾ ಆದಾಯ ವರ್ಷಕ್ಕೆ 20 ರೂಪಾಯಿ ಎಂದು 1867–68ನೇ ಸಾಲಿಗೆ ಲೆಕ್ಕ ಹಾಕಿದವರು ಅವರು. ಇದನ್ನು ಶಾಲೆಯಲ್ಲಿ ನೀವೇ ಪಾಠ ಮಾಡಿರುತ್ತೀರಿ. ಪಾಠದಲ್ಲಿ ಬಾರದ ಇನ್ನರ್ಧ ನನಗೆ ಹೆಚ್ಚು ಇಷ್ಟ. 20 ರೂಪಾಯಿ ಜಾಸ್ತಿಯೋ ಕಡಿಮೆಯೋ ಅಂತ ಹೇಳುವುದು ಹೇಗೆ? ಸುಮ್ನೆ ಒಂದು ಸಂಖ್ಯೆ ಏನನ್ನೂ ಹೇಳುವುದಿಲ್ಲ ಅಲ್ವಾ? ನವರೋಜಿ ಜೈಲಿನ ಕಡತಗಳನ್ನು ತೆಗೆದರು. ಕೈದಿಗಳಿಗೂ, ಹಡಗಿನಲ್ಲಿ ಪರದೇಶಕ್ಕೆ ಕೂಲಿಗೆ ಹೋಗುವವರಿಗೂ ಸರ್ಕಾರ ಕೊಡುತ್ತಿದ್ದ ಅಕ್ಕಿ, ಬೇಳೆ, ತರಕಾರಿ, ಬಟ್ಟೆಯ ಪಟ್ಟಿ ಹಿಡಿದು ಪ್ರಾಂತ್ಯವಾರು ಬೆಲೆ ಕಟ್ಟಿದರು. ಒಬ್ಬ ಮನುಷ್ಯ ಜೀವ ಹಿಡಿದಿರಲು ವರ್ಷಕ್ಕೆ 16ರಿಂದ 35 ರೂಪಾಯಿ ಬೇಕಿತ್ತು. ಅಂದರೆ ಎಷ್ಟೋ ಕಡೆ ಏನೂ ತಪ್ಪು ಮಾಡದ ರೈತನ ಪಾಲಿಗೆ, ಕಳ್ಳತನ ಮಾಡಿ ಒಳಗೆ ಕೂತವನ ಊಟದಷ್ಟೂ ಬರುತ್ತಿರಲಿಲ್ಲ. ಅದೂ ಸರಾಸರಿ ಲೆಕ್ಕ. ಸಾಹೇಬರ ಪಾಲೂ, ಜಮೀನ್ದಾರರ ಪಾಲೂ ಅದರೊಳಗೇ ಇತ್ತು.

ಹಣದ ಪಕ್ಕದಲ್ಲಿ ಬದುಕನ್ನು ಇಟ್ಟು ನೋಡುವುದು ಅಂದರೆ ಇದು. ಇದನ್ನೇ ಈಗ 'ಪರ್ಯಾಯ ಅರ್ಥಶಾಸ್ತ್ರ' ಎಂದು ಹೊಸ ಸರಕಿನ ಹಾಗೆ ಮಾರುವುದು ನೋಡಿದರೆ ನನಗೆ ನಗು ಬರುತ್ತದೆ.

ಇನ್ನು ಸಂತೋಷದ ವಿಷಯ. ಇಲ್ಲಿ ನಿಮ್ಮ ಜೊತೆ ನನಗೆ ನಿಜವಾದ ತಕರಾರಿದೆ.

ನಮ್ಮಮ್ಮನನ್ನು 'ಹೇಗಿದೀಯಮ್ಮ' ಎಂದು ಯಾವಾಗ ಕೇಳಿದರೂ 'ನಂಗೇನಾಗಿದೆ, ಚೆನ್ನಾಗೇ ಇದೀನಿ' ಎನ್ನುತ್ತಿದ್ದರು. ಮಂಡಿ ಊದಿಕೊಂಡು ಗೋಡೆ ಹಿಡಿದು ನಡೆಯುವಾಗಲೂ ಅದೇ ಉತ್ತರ. ಅಪ್ಪನಿಗೆ ಒಂದು ಸೀನು ಬಂದರೆ ಮನೆಯವರೆಲ್ಲ ಓಡಾಡಬೇಕಿತ್ತು. ಇಬ್ಬರಿಗೂ ಒಂದೊಂದು ಪ್ರಶ್ನಾವಳಿ ಕೊಟ್ಟಿದ್ದರೆ ಅಮ್ಮನೇ ಹೆಚ್ಚು ಆರೋಗ್ಯವಂತೆ ಎಂದು ವರದಿ ಬರುತ್ತಿತ್ತು.

ಇದು ನಮ್ಮ ಮನೆಯ ಕತೆ ಮಾತ್ರ ಎಂದುಕೊಂಡಿದ್ದೆ, ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಕೊಡುವ ಒಂದು ಉದಾಹರಣೆ ಓದುವ ತನಕ. ಬಂಗಾಳದ ಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತೆ ಹತ್ತಿರದ ಸಿಂಗೂರಿನಲ್ಲಿ ಒಂದು ಆರೋಗ್ಯ ಸಮೀಕ್ಷೆ ನಡೆಯಿತು. ಹೆಂಡತಿ ಸತ್ತ ಗಂಡಸರನ್ನೂ ಗಂಡ ಸತ್ತ ಹೆಂಗಸರನ್ನೂ ಆರೋಗ್ಯ ಹೇಗಿದೆ ಎಂದು ಕೇಳಿದರು. ಕಾಯಿಲೆ ಇದೆ ಅಥವಾ ಅಷ್ಟಕ್ಕಷ್ಟೇ ಎಂದ ಗಂಡಸರು ಶೇ 48.5. ಹಾಗೆಂದ ವಿಧವೆಯರು ಶೇ 2.5. ಆ ಕಾಲದ ಬಂಗಾಳದಲ್ಲಿ ವಿಧವೆಯ ಊಟ, ಉಪವಾಸ, ಮನೆಯಲ್ಲಿ ಆಕೆಗೆ ಸಿಗುತ್ತಿದ್ದ ಮೂಲೆ ಎಂಥದು ಎಂದು ನಾನು ಹೇಳಬೇಕಾಗಿಲ್ಲ. 'ನನ್ನ ಆರೋಗ್ಯ' ಎಂಬುದು ಒಬ್ಬರು ಕೇಳುವಂಥ, ತಾನು ಹೇಳುವಂಥ ವಿಷಯ ಎಂದೇ ಆ ಹೆಂಗಸರಿಗೆ ಅನಿಸಿರಲಿಲ್ಲ. ಬಡತನ ಹಳೆಯದಾದಷ್ಟೂ ಮನುಷ್ಯ ಆಸೆಯನ್ನು ಕತ್ತರಿಸಿಕೊಂಡು ಅದರೊಳಗೇ ಮಡಚಿಕೊಂಡು ಕೂರುತ್ತಾನೆ. ಆಮೇಲೆ ಅವನನ್ನು 'ತೃಪ್ತಿ ಇದೆಯಾ' ಎಂದು ಕೇಳಿ, 'ಇದೆ' ಎಂದು ಬರೆದುಕೊಂಡು ಹೋಗುವುದು ಬಹಳ ಅಗ್ಗದ ಕೆಲಸ. ಯಾವ ಸರ್ಕಾರಕ್ಕಾದರೂ ಇಷ್ಟವಾಗುವಂಥದ್ದು.

ಭೂತಾನ್‌ನವರು ಇಷ್ಟು ದಡ್ಡರಲ್ಲ, ಅದನ್ನೂ ಹೇಳಬೇಕು. ಅವರ ಸಮೀಕ್ಷೆಯಲ್ಲಿ ಇರುವುದು ಸಂತೋಷದ ಪ್ರಶ್ನೆ ಮಾತ್ರ ಅಲ್ಲ. ಆರೋಗ್ಯ, ಓದು, ಸಮಯ, ಪರಿಸರ ಎಲ್ಲ ಸೇರಿ ಒಂಬತ್ತು ಭಾಗಗಳಿವೆ. ಆದರೆ ಸಂತೋಷ ಅಳೆಯುವ ಮಾತು ಹುಟ್ಟಿದ ಆ ದೇಶದಿಂದಲೇ 1990ರ ದಶಕದ ಶುರುವಿನಲ್ಲಿ ನೇಪಾಳಿ ಮಾತಾಡುವ ಸುಮಾರು ಒಂದು ಲಕ್ಷ ಜನ ಹೊರಬಿದ್ದು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದರು. ಅಲ್ಲಿ ಇಲ್ಲದವರ ಸಂತೋಷವನ್ನು ಯಾವ ಸಮೀಕ್ಷೆಯೂ ಅಳೆಯಲಾರದು.

ಹಾಗಾದರೆ ಏನು ಕೇಳಬೇಕು? ಮನುಷ್ಯ ಏನು ಮಾಡಬಲ್ಲ, ಹೇಗಿರಬಲ್ಲ ಎಂದು ಕೇಳಿ ಎಂಬುದು ಸೇನ್ ಅವರ ಮಾತು. ಎಷ್ಟು ವರ್ಷ ಬದುಕುತ್ತಾನೆ, ಓದಲು ಬರುತ್ತದೆಯಾ, ಹುಡುಗಿ ಒಬ್ಬಳೇ ಕಾಲೇಜಿಗೆ ಹೋಗಿ ಬರಬಲ್ಲಳಾ. ಅವರ ಕೇಂಬ್ರಿಜ್ ದಿನಗಳ ಗೆಳೆಯ, ಮುಂದೆ ಪಾಕಿಸ್ತಾನದ ಹಣಕಾಸು ಮಂತ್ರಿಯಾದ ಮಹಬೂಬ್ ಉಲ್ ಹಕ್, ಇದನ್ನೆಲ್ಲ ಹಿಂಡಿ ಒಂದೇ ಸಂಖ್ಯೆ ಮಾಡಬೇಕೆಂದು ಪಟ್ಟು ಹಿಡಿದರು. ಬದುಕನ್ನು ಒಂದು ಸಂಖ್ಯೆಗೆ ಇಳಿಸುವುದೇ ಒರಟುತನ ಎಂದು ಸೇನ್ ಗೊಣಗಿದರು. ಜಿಡಿಪಿಯಷ್ಟೇ ಒರಟಾದ ಸಂಖ್ಯೆ ಇಲ್ಲದಿದ್ದರೆ ಮಂತ್ರಿಗಳು ತಿರುಗಿಯೂ ನೋಡುವುದಿಲ್ಲ ಎಂಬುದು ಹಕ್ ವಾದ. 1990ರಲ್ಲಿ ಬಂದ ಮಾನವ ಅಭಿವೃದ್ಧಿ ಸೂಚ್ಯಂಕ ಆ ಜಗಳದ ಕೂಸು. ಹಕ್ ಗೆದ್ದದ್ದು ಒಳ್ಳೆಯದೇ ಆಯಿತು ಎನ್ನುವವರಲ್ಲಿ ನಾನೂ ಒಬ್ಬ. ಆ ಸೂಚ್ಯಂಕದ 2025ರ ವರದಿಯಲ್ಲಿ 193 ದೇಶಗಳ ಪೈಕಿ ನಮ್ಮದು 130ನೇ ಜಾಗ. ಗಾತ್ರದಲ್ಲಿ ಜಗತ್ತಿನ ಅತಿ ದೊಡ್ಡ ಆರ್ಥಿಕತೆಗಳಲ್ಲಿ ಒಂದು ನಮ್ಮದು, ನೆನಪಿರಲಿ. ಅಸಮಾನತೆಯನ್ನೂ ಲೆಕ್ಕಕ್ಕೆ ತಗೊಂಡರೆ ನಮ್ಮ ಅಂಕದಲ್ಲಿ ಶೇ 30ಕ್ಕಿಂತ ಹೆಚ್ಚು ಹಾರಿಹೋಗುತ್ತದೆ.

ಕರ್ನಾಟಕಕ್ಕೆ ಬಂದರೆ, ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಒಂದು ಆಗಿದೆ. ಪ್ರದೇಶ ಪ್ರದೇಶಗಳ ನಡುವಿನ ಅಸಮತೋಲನ ಅಳೆಯಲು ನೇಮಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ. ಅವರು ರಾಜ್ಯದ ಸರಾಸರಿ ನೋಡಿ ಸುಮ್ಮನಾಗಲಿಲ್ಲ, ಜಿಲ್ಲೆಗೂ ನಿಲ್ಲಲಿಲ್ಲ. ಆಗಿದ್ದ 175 ತಾಲೂಕುಗಳನ್ನೂ ಒಂದೊಂದಾಗಿ ತೂಗಿದರು. ಆಸ್ಪತ್ರೆಯ ಹಾಸಿಗೆ ಎಷ್ಟು, ರಸ್ತೆ ಎಷ್ಟು, ಎಷ್ಟು ಮಕ್ಕಳಿಗೆ ಒಬ್ಬ ಮೇಷ್ಟ್ರು, ಕುಡಿಯುವ ನೀರು ಹೇಗೆ ಎಂದೆಲ್ಲ ನೋಡಿ 114 ತಾಲೂಕು ಹಿಂದುಳಿದಿವೆ ಎಂದರು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವೇ. ಇವತ್ತಿಗೂ ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿಯದಕ್ಕಿಂತ ಸುಮಾರು ಐದು ಪಟ್ಟು ಇದೆ. ಎರಡನ್ನೂ ಕಲಸಿ 'ಕರ್ನಾಟಕದ ತಲಾ ಆದಾಯ' ಎಂದು ಜಾಹೀರಾತು ಕೊಟ್ಟರೆ ಅದು ಇಬ್ಬರಿಗೂ ಸಲ್ಲದ ಸಂಖ್ಯೆ.

ಇಷ್ಟೆಲ್ಲ ಹೇಳಿದ ಮೇಲೂ ಜಿಡಿಪಿಯನ್ನು ಬಿಸಾಡಲು ನಾನು ಒಪ್ಪಲಾರೆ. 'ದುಡ್ಡೇ ಎಲ್ಲ ಅಲ್ಲ' ಅನ್ನುವುದು ದುಡ್ಡಿದ್ದವರಿಗೆ ಒಪ್ಪುವ ಮಾತು. ತೆರಿಗೆ ಬಾರದೆ ಪಡಿತರ ಎಲ್ಲಿಂದ, ಶಾಲೆಯ ಬಿಸಿಯೂಟ ಎಲ್ಲಿಂದ, ನಿಮ್ಮ ಪಿಂಚಣಿಯಾದರೂ ಎಲ್ಲಿಂದ? ಅಂಗಡಿಯ ಗಲ್ಲಾದಲ್ಲಿ ಎಷ್ಟು ಬಿತ್ತು ಎಂದು ತಿಳಿಯಬೇಕು. ಗಲ್ಲಾ ಎಣಿಸಿ ಮನೆಯವರ ಜ್ವರ ಹೇಳಲು ಹೋಗಬಾರದು, ಅಷ್ಟೇ. ಆ ತಪ್ಪು ನಮ್ಮ ಲೇಖನದಲ್ಲಿ ಆಗಿದೆ. ಬೆಳವಣಿಗೆ ದರವನ್ನು ಶೀರ್ಷಿಕೆಯಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದು ಲೇಖಕರಲ್ಲ, ನಾನು.

ಕೊನೆಯದಾಗಿ ನಿಮ್ಮ ಪತ್ರದ ಮೂರನೇ ಪುಟದ ಒಂದು ಸಾಲು. 'ಟ್ಯಾಂಕರ್ ಬರುವ ದಿನ ನಮ್ಮ ಮನೆಯವರು ಬೆಳಗಿನ ಜಾವ 4 ಗಂಟೆಗೇ ಏಳುತ್ತಾರೆ' ಎಂದು ಬರೆದು ಮುಂದಿನ ಸಾಲಿನಲ್ಲೇ ಸಾಲದ ಬಡ್ಡಿಗೆ ಹೋಗಿಬಿಟ್ಟಿದ್ದೀರಿ. ಬಡ್ಡಿ ಹೇಗೋ ಲೆಕ್ಕಕ್ಕೆ ಬರುತ್ತದೆ. ನನ್ನ ಕಣ್ಣು ನಿಂತದ್ದು ಆ 4 ಗಂಟೆಯ ಮೇಲೆ.

ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಹೆಂಗಸರ ದಿನವನ್ನು ಗಂಟೆ ಗಂಟೆಗೆ ಬರೆಸಿದರು. ಸರ್ಕಾರಿ ಪಟ್ಟಿಯಲ್ಲಿ 'ಕೆಲಸವಿಲ್ಲದವರು' ಎಂದಿದ್ದವರು ದನ, ಸೌದೆ, ಹೊಲ ಎಂದು ದಿನವಿಡೀ ದುಡಿಯುತ್ತಿದ್ದರು. ಈಗ ಕೇಂದ್ರ ಸರ್ಕಾರವೇ ಸಮಯ ಬಳಕೆಯ ಸಮೀಕ್ಷೆ ಮಾಡುತ್ತದೆ. 2024ರ ಲೆಕ್ಕದಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ ಮಾತ್ರ, ನಮ್ಮಪ್ಪನಂಥವರು ಅದರಲ್ಲಿ ಇಲ್ಲ. ಇನ್ನೊಂದು ತಮಾಷೆ ಕೇಳಿ. ವಿಶ್ವಸಂಸ್ಥೆಯ ನಿಯಮದ ಪ್ರಕಾರ ಮನೆಗೆ ನೀರು ಹೊತ್ತು ತರುವುದು ಉತ್ಪಾದನೆ, ಅದೇ ನೀರಿನಲ್ಲಿ ಮನೆಮಂದಿಗೆ ಮುದ್ದೆ ತೊಳಸುವುದು ಅಲ್ಲ!

ಹಾಗಾಗಿ ಒಂದು ಕೋರಿಕೆ. ಟ್ಯಾಂಕರ್ ಬರುವ ಒಂದು ದಿನದ ದಿನಚರಿಯನ್ನು ನಿಮ್ಮ ಮನೆಯವರ ಕೈಯಲ್ಲೇ ಬರೆಸಿ ಕಳಿಸಿ, ಗಂಟೆ ಸಮೇತ. ಎಷ್ಟು ಕೊಡ, ಎಷ್ಟು ಮೆಟ್ಟಿಲು, ಮಧ್ಯಾಹ್ನ ಕೂತದ್ದು ಎಷ್ಟು ಹೊತ್ತು, ಎಲ್ಲ ಇರಲಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಬಿಟ್ಟಿದ್ದೇನೆ. ನೀವು ತಿದ್ದಬೇಡಿ ಮೇಷ್ಟ್ರೇ, ಕಾಗುಣಿತವನ್ನೂ. 'ಬರೆಯೋಕೆ ಏನಿದೆ, ಬರೀ ಮನೆಗೆಲಸ' ಎಂದು ಒಂದೇ ಸಾಲು ಬರೆದು ಕೊಟ್ಟರೆ ಮಾತ್ರ ವಾಪಸ್ ಕಳಿಸುತ್ತೇನೆ.

ನಿಮ್ಮ,
ಸಂಪಾದಕ