ಉಪ್ಪಗೆ ಕ್ಯಾಪ್ಸೂಲ್, ರೆಡ್ ಯೀಸ್ಟ್ ರೈಸ್, ವಾರದ ಇಂಜೆಕ್ಷನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತೂಕ ಇಳಿಸಲು ತಂಗಿ ಆನ್‌ಲೈನ್‌ನಲ್ಲಿ ಗಾರ್ಸೀನಿಯಾ ಕ್ಯಾಪ್ಸೂಲ್ ತರಿಸಿದ್ದಾಳೆ. ಕೊಲೆಸ್ಟ್ರಾಲೂ ಇಳಿಯುತ್ತದಂತೆ. ಇದು ನಮ್ಮ ಉಪ್ಪಗೆಯೇ, ಮನೆಯಲ್ಲಿ ಅಡುಗೆಗೆ ಹಾಕುವುದೇ, ಅಪಾಯವಿಲ್ಲ ಅನ್ನುತ್ತಾಳೆ. ಹೌದೇ?
– ಓದುಗರು, ಸಿದ್ದಾಪುರ (ಉ.ಕ.)

ಉತ್ತರ: ಮರ ಅದೇ. ಮಳೆಗಾಲದಲ್ಲಿ ಹಣ್ಣನ್ನು ಕಾಡಿನಿಂದ ಆರಿಸಿ ತಂದು, ಬೀಜ ಬಿಡಿಸಿ, ಹೊಗೆಯಲ್ಲಿ ಕಪ್ಪಾಗುವವರೆಗೆ ಒಣಗಿಸುತ್ತೀರಲ್ಲ, ಅದೇ ಸಿಪ್ಪೆ. ಕೊಡಗಿನವರು ಅಡುಗೆಗೆ ಬಳಸುವ ಹುಳಿ, ಕಾಚಂಪುಳಿಯೂ ಇದರದ್ದೇ. ಇದರ ಹುಳಿಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು, ದೇಹ ಸಕ್ಕರೆಯಿಂದ ಕೊಬ್ಬು ತಯಾರಿಸಲು ಬಳಸುವ ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಇಲಿಗಳಲ್ಲಿ ಇದು ಕಂಡುಬಂದ ಮೇಲೆ ಕ್ಯಾಪ್ಸೂಲ್ ವ್ಯಾಪಾರ ಶುರುವಾಯಿತು. ಮನುಷ್ಯರಲ್ಲಿ ಅದೇ ಫಲ ಸಿಗಲಿಲ್ಲ. 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 135 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 1,500 ಮಿ.ಗ್ರಾಂ. ಆಮ್ಲವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆಯನ್ನೂ 12 ವಾರ ಕೊಟ್ಟರು. ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ಅದೇ ಕಿಣ್ವವನ್ನು ಗುರಿಯಾಗಿಸಿಕೊಂಡ ಬೆಂಪೆಡೋಯಿಕ್ ಆಸಿಡ್ ಎಂಬ 180 ಮಿ.ಗ್ರಾಂ. ಮಾತ್ರೆ ಈಗ ಇದೆ. ಯಕೃತ್ತಿನಲ್ಲಿ ಮಾತ್ರ ಸಕ್ರಿಯವಾಗುವಂತೆ ರೂಪಿಸಿದ ಔಷಧ ಅದು. ಎಲ್‌ಡಿಎಲ್ ಅನ್ನು, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲನ್ನು, ಶೇ. 15ರಿಂದ 20ರಷ್ಟು ಇಳಿಸುತ್ತದೆ, ಜೊತೆಗೆ ಯೂರಿಕ್ ಆಮ್ಲವನ್ನು ಏರಿಸುತ್ತದೆ. ಹಾಗಾಗಿ ಅದನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು. ಉಪ್ಪಗೆ ಕ್ಯಾಪ್ಸೂಲ್ ಇದಕ್ಕೆ ಬದಲಿಯಲ್ಲ.

ಅಪಾಯದ ಮಾತು. ಅಡುಗೆಗೆ ಬೀಳುವ ಒಂದೆರಡು ಸಿಪ್ಪೆ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಕ್ಯಾಪ್ಸೂಲಿನಲ್ಲಿರುವುದು ಸಾಂದ್ರ ಸತ್ವ. ಅದನ್ನು ವಾರಗಟ್ಟಲೆ ನುಂಗಿದವರಲ್ಲಿ ಕೆಲವರಿಗೆ ಯಕೃತ್ತಿನ ಉರಿಯೂತ, ಕಾಮಾಲೆ ಬಂದ ವರದಿಗಳಿವೆ. ಹಸಿವು ಸತ್ತುಹೋಗುವುದು, ಮೈ ತುರಿಕೆ, ಮೂತ್ರ ಗಾಢ ಹಳದಿಯಾಗುವುದು, ಬಲಪಕ್ಕೆಯ ಕೆಳಗೆ ನೋವು – ಇವುಗಳಲ್ಲಿ ಒಂದು ಕಂಡರೂ ನಿಲ್ಲಿಸಿ, ಅಂದೇ ರಕ್ತದಲ್ಲಿ ಯಕೃತ್ತಿನ ಸ್ಥಿತಿ ತಿಳಿಸುವ ಎಸ್‌ಜಿಪಿಟಿ ಮತ್ತು ಬಿಲಿರುಬಿನ್ ನೋಡಿಸಿ.

ಒಂದು ವೇಳೆ ಕ್ಯಾಪ್ಸೂಲ್ ಶುರುಮಾಡಿದ ಕೂಡಲೇ ಹಸಿವು ಮಾಯವಾಗಿ, ಎದೆ ಡವಗುಟ್ಟಿ, ನಿದ್ದೆ ಕೆಟ್ಟರೆ, ಅದರಲ್ಲಿ ಸಿಬುಟ್ರಮೀನ್ ಕಲಬೆರಕೆಯಾಗಿರಬಹುದೆಂದು ಅನುಮಾನಿಸಿ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆಂದು ಭಾರತದಲ್ಲಿ 2011ರಲ್ಲೇ ನಿಷೇಧವಾದ ಔಷಧವದು. ‘ಗಿಡಮೂಲಿಕೆ’ ಎಂದು ಮಾರುವ ಸ್ಲಿಮ್ಮಿಂಗ್ ಮಾತ್ರೆಗಳಲ್ಲಿ ನಾನಾ ದೇಶಗಳ ಅಧಿಕಾರಿಗಳು ಇದನ್ನು ಮತ್ತೆ ಮತ್ತೆ ಪತ್ತೆಹಚ್ಚಿದ್ದಾರೆ.

ಪ್ರಶ್ನೆ: ವಯಸ್ಸು 54, ಎಲ್‌ಡಿಎಲ್ 162. ಕೊಲೆಸ್ಟ್ರಾಲ್ ಮಾತ್ರೆ ಅಟೋರ್ವಾಸ್ಟಾಟಿನ್ 10 ತಗೊಂಡಾಗ ಎರಡೂ ತೊಡೆ ನೋವು ಬಂತೆಂದು ಬಿಟ್ಟೆ. ಅಮೆರಿಕದಲ್ಲಿರುವ ಮಗ ರೆಡ್ ಯೀಸ್ಟ್ ರೈಸ್ ಕಳಿಸಿದ್ದಾನೆ. ಕೆಂಪಕ್ಕಿ ಅಂದಮೇಲೆ ಔಷಧವಲ್ಲವಲ್ಲ?
– ಓದುಗರು, ದಾವಣಗೆರೆ

ಉತ್ತರ: ಕರಾವಳಿಯ ಕೆಂಪು ಕುಚ್ಚಲಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಇದು ಅಕ್ಕಿಯ ಮೇಲೆ ಮೊನಾಸ್ಕಸ್ ಎಂಬ ಬೂಷ್ಟು ಬೆಳೆಸಿ ತಯಾರಿಸಿದ್ದು. ಅದರಲ್ಲಿ ಹುಟ್ಟುವ ಮೊನಾಕೋಲಿನ್ ಕೆ ಮತ್ತು 1987ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಅನುಮತಿ ಪಡೆದ ಲೋವಾಸ್ಟಾಟಿನ್ ರಾಸಾಯನಿಕವಾಗಿ ಒಂದೇ. ಇದೂ ನಿಮ್ಮ ಅಟೋರ್ವಾಸ್ಟಾಟಿನ್ನೂ ಕೊಲೆಸ್ಟ್ರಾಲ್ ಇಳಿಸುವ ‘ಸ್ಟಾಟಿನ್’ ಗುಂಪಿನವೇ. ಅಂದರೆ ನೀವು ಒಂದು ಸ್ಟಾಟಿನ್ ಬಿಟ್ಟು ಇನ್ನೊಂದು ಸ್ಟಾಟಿನ್ ಹಿಡಿಯುತ್ತಿದ್ದೀರಿ, ಅದೂ ಎಷ್ಟಿದೆಯೆಂದು ತಿಳಿಯದೆ. ಒಂದು ಬಾಟಲಿಯಲ್ಲಿ ಏನೂ ಇರದಿರಬಹುದು, ಇನ್ನೊಂದರಲ್ಲಿ ಔಷಧದ ಪ್ರಮಾಣವೇ ಇರಬಹುದು. ಬೂಷ್ಟು ಸರಿಯಾಗಿ ಬೆಳೆಯದಿದ್ದರೆ ಸಿಟ್ರಿನಿನ್ ಎಂಬ, ಮೂತ್ರಪಿಂಡ ಕೆಡಿಸುವ ವಿಷವೂ ಸೇರಿಕೊಳ್ಳುತ್ತದೆ. 2024ರಲ್ಲಿ ಜಪಾನಿನಲ್ಲಿ ಇಂಥದೇ ಮಾತ್ರೆ ತಿಂದ ಹಲವರ ಮೂತ್ರಪಿಂಡಕ್ಕೆ ಹಾನಿಯಾಗಿ, ಮಾಲನ್ನೆಲ್ಲ ವಾಪಸು ಕರೆಸಬೇಕಾಯಿತು. ಯುರೋಪಿನಲ್ಲಿ 2022ರಿಂದ ದಿನಕ್ಕೆ 3 ಮಿ.ಗ್ರಾಂ.ಗಿಂತ ಕಡಿಮೆ ಮೊನಾಕೋಲಿನ್ ಇರಬೇಕೆಂಬ ನಿಯಮವಿದೆ.

ನಿಮ್ಮ ತೊಡೆ ನೋವನ್ನು ಹೀಗೆ ಪರಿಶೀಲಿಸಿ. ಮೊದಲು ಸ್ನಾಯು ಹಾನಿ ತೋರಿಸುವ ಸಿಪಿಕೆ ಮತ್ತು ಥೈರಾಯ್ಡ್ ಸ್ಥಿತಿ ತೋರಿಸುವ ಟಿಎಸ್ಎಚ್ ರಕ್ತಪರೀಕ್ಷೆ; ಥೈರಾಯ್ಡ್ ಕಡಿಮೆಯಿದ್ದರೆ ಸ್ನಾಯು ನೋವೂ ಬರುತ್ತದೆ, ಕೊಲೆಸ್ಟ್ರಾಲೂ ಏರುತ್ತದೆ. ಬೇರೆ ಮಾತ್ರೆಗಳ ಪಟ್ಟಿ ತೋರಿಸಿ: ಕ್ಲಾರಿಥ್ರೋಮೈಸಿನ್‌ನಂಥ ಆಂಟಿಬಯೋಟಿಕ್ ಜೊತೆಯಾದರೆ ಸ್ಟಾಟಿನ್ ರಕ್ತದಲ್ಲಿ ಹೆಚ್ಚುತ್ತದೆ. ಮಾತ್ರೆ ನಿಲ್ಲಿಸಿದ ಎರಡು–ನಾಲ್ಕು ವಾರದಲ್ಲಿ ನೋವು ಹೋಗದಿದ್ದರೆ ಕಾರಣ ಬೇರೆ ಇರುವ ಸಾಧ್ಯತೆ ಹೆಚ್ಚು. ಹೋದರೆ, ರೋಸುವಾಸ್ಟಾಟಿನ್ 5 ಮಿ.ಗ್ರಾಂ. ಅನ್ನು ದಿನ ಬಿಟ್ಟು ದಿನ ಶುರುಮಾಡಬಹುದೇ ಎಂದು ವೈದ್ಯರನ್ನು ಕೇಳಿ. ಅನೇಕರಿಗೆ ಇದು ಒಗ್ಗುತ್ತದೆ. ಮೂತ್ರ ಕಾಫಿ ಡಿಕಾಕ್ಷನ್‌ನ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

2022ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಸಂಶೋಧಕರು ಇದೇ 5 ಮಿ.ಗ್ರಾಂ. ಮಾತ್ರೆಯನ್ನು ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಸಸ್ಯ ಸ್ಟೆರಾಲ್, ರೆಡ್ ಯೀಸ್ಟ್ ರೈಸ್‌ಗಳ ಜೊತೆ 28 ದಿನ ಹೋಲಿಸಿದರು. ಮಾತ್ರೆ ತಗೊಂಡವರ ಎಲ್‌ಡಿಎಲ್ ಸುಮಾರು ಶೇ. 38 ಇಳಿಯಿತು. ಉಳಿದ ಆರರಲ್ಲಿ ಯಾವುದೂ ಔಷಧವಿಲ್ಲದ ಮಾತ್ರೆಗಿಂತ ಮೇಲಾಗಲಿಲ್ಲ. ಬೆಳ್ಳುಳ್ಳಿ ಗುಂಪಿನಲ್ಲಂತೂ ಎಲ್‌ಡಿಎಲ್ ತುಸು ಏರಿತ್ತು.

ಪ್ರಶ್ನೆ: ಹಾಗಾದರೆ ಅಂಗಡಿಯಲ್ಲಿ ಸಿಗುವ ಯಾವುದೂ ಉಪಯೋಗವಿಲ್ಲವೇ? ಮೀನೆಣ್ಣೆ?
– ಓದುಗರು, ಮೈಸೂರು

ಉತ್ತರ: ಇಸಬ್ಗೋಲ್ ಹೊಟ್ಟು ಉಪಯೋಗಕ್ಕೆ ಬರುತ್ತದೆ. ದಿನಕ್ಕೆ 10 ಗ್ರಾಂ, ಎರಡು ಹೊತ್ತು ಮಾಡಿ, ಒಂದೊಂದಕ್ಕೂ ದೊಡ್ಡ ಲೋಟದ ತುಂಬ ನೀರು. ಎಲ್‌ಡಿಎಲ್ ಶೇ. 5ರಿಂದ 10ರಷ್ಟು ಇಳಿಯಬಹುದು. ಮೊದಲ ವಾರ ಅರ್ಧ ಪ್ರಮಾಣದಲ್ಲಿ ಶುರುಮಾಡಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ, ನುಂಗಲು ತೊಂದರೆಯಿರುವ ಹಿರಿಯರಿಗೆ ಕೊಡಬೇಡಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ.

ಮೀನೆಣ್ಣೆ ಇಳಿಸುವುದು ಟ್ರೈಗ್ಲಿಸರೈಡನ್ನು (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು), ಅದೂ ಮೀನೆಣ್ಣೆಯ ಒಮೆಗಾ-3 ಕೊಬ್ಬುಗಳಾದ ಇಪಿಎ–ಡಿಎಚ್ಎ ಸೇರಿ ದಿನಕ್ಕೆ 2ರಿಂದ 4 ಗ್ರಾಂ ಬಿದ್ದರೆ. ಸಾಮಾನ್ಯ 1,000 ಮಿ.ಗ್ರಾಂ. ಕ್ಯಾಪ್ಸೂಲಿನಲ್ಲಿ ಇವೆರಡೂ ಸೇರಿ ಇರುವುದು ಸುಮಾರು 300 ಮಿ.ಗ್ರಾಂ. ದಿನಕ್ಕೊಂದು ನುಂಗಿ ಫಲ ನಿರೀಕ್ಷಿಸುವಂತಿಲ್ಲ.

ಪ್ರಶ್ನೆ: 34 ವರ್ಷ, 158 ಸೆಂ.ಮೀ., 86 ಕೆ.ಜಿ. ಇದ್ದೇನೆ. ವಾರಕ್ಕೊಮ್ಮೆಯ ಇಂಜೆಕ್ಷನ್ ಶುರುಮಾಡಿದರೆ ಕೊಲೆಸ್ಟ್ರಾಲ್ ಮಾತ್ರೆ ಬಿಡಬಹುದೇ? ಮುಂದಿನ ವರ್ಷ ಮಗುವಿನ ಯೋಚನೆಯಿದೆ.
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 34, ಇಂಜೆಕ್ಷನ್ ಪರಿಗಣಿಸಬಹುದಾದ ಮಟ್ಟವೇ. ಆದರೆ ವಾರಕ್ಕೊಮ್ಮೆ ಚುಚ್ಚುವ ಸೆಮಾಗ್ಲುಟೈಡ್ ಟ್ರೈಗ್ಲಿಸರೈಡನ್ನು ಚೆನ್ನಾಗಿ ಇಳಿಸಿದರೂ ಎಲ್‌ಡಿಎಲ್ ಇಳಿಸುವುದು ತೀರಾ ಅಲ್ಪ. ಕೊಲೆಸ್ಟ್ರಾಲ್ ಮಾತ್ರೆಗೆ ಅದು ಬದಲಿಯಲ್ಲ.

ತೂಕಕ್ಕೆ ಬಳಸುವಾಗ ವಾರಕ್ಕೆ 0.25 ಮಿ.ಗ್ರಾಂ.ನಿಂದ ಶುರು, ನಾಲ್ಕು ನಾಲ್ಕು ವಾರಕ್ಕೆ 0.5, 1, 1.7, ಕೊನೆಗೆ 2.4. ಬೇಗ ಇಳಿಯಲೆಂದು ಮೆಟ್ಟಿಲು ಹಾರಿದವರೇ ವಾಂತಿಯಿಂದ ನಿತ್ರಾಣರಾಗಿ ಬರುವುದು. ಊಟ ಅರ್ಧಕ್ಕೆ ಇಳಿಯುವುದರಿಂದ ಮೊದಲ ತುತ್ತು ಮೊಟ್ಟೆ, ಬೇಳೆ, ಮೊಸರಿನದಾಗಿರಲಿ, ಅನ್ನ ಕೊನೆಗೆ. ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಬೆನ್ನಿಗೆ ಹರಿಯುವಂಥ ತೀವ್ರ ಹೊಟ್ಟೆ ನೋವು ಬಂದರೆ ಮುಂದಿನ ಡೋಸ್ ಹಾಕದೆ ವೈದ್ಯರ ಬಳಿ ಹೋಗಿ. ಮೇದೋಜ್ಜೀರಕ ಗ್ರಂಥಿಯ ಉರಿಯೂತವೋ ಪಿತ್ತಕೋಶದ ಕಲ್ಲೋ ಇರಬಹುದು. ಮನೆಯಲ್ಲಿ ಯಾರಿಗಾದರೂ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಈ ಔಷಧ ಬೇಡವೇ ಬೇಡ.

ಗರ್ಭಕ್ಕೆ ಪ್ರಯತ್ನಿಸುವ ಕನಿಷ್ಠ ಎರಡು ತಿಂಗಳ ಮೊದಲೇ ಸೆಮಾಗ್ಲುಟೈಡ್ ನಿಲ್ಲಿಸಬೇಕು. ಸ್ಟಾಟಿನ್ ಯಾವಾಗ ನಿಲ್ಲಿಸಬೇಕೆಂದೂ ಈಗಲೇ ಕೇಳಿಟ್ಟುಕೊಳ್ಳಿ. ನಿಲ್ಲಿಸಿದ ಮೇಲೆ ತೂಕ ಮರಳುತ್ತದೆ: ಒಂದು ಅಧ್ಯಯನದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ವಾಪಸು ಬಂದಿತ್ತು. ವೈದ್ಯರು ಇಂಥದೇ ಇನ್ನೊಂದು ವಾರದ ಇಂಜೆಕ್ಷನ್ ಟಿರ್ಜೆಪಟೈಡ್ ಬರೆದುಕೊಟ್ಟರೆ ಇನ್ನೊಂದು ಎಚ್ಚರ: ಅದು ಗರ್ಭನಿರೋಧಕ ಮಾತ್ರೆಯ ಹೀರಿಕೆಯನ್ನು ತಗ್ಗಿಸುತ್ತದೆ. ಆದ್ದರಿಂದ ಶುರುಮಾಡಿದಾಗ ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ ಕಾಂಡೋಮ್ ಕೂಡ ಬಳಸಿ.